ಪುಸ್ತಕವೇನೋ ಬಂತು, ಜವಾಬು ಕೊಡೋರು ಯಾರು?

ಹೋದ ತಿಂಗಳ ಮಾತು. ಪತ್ರಿಕೆ ಅಚ್ಚಿಗೆ ಹೋದ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಹಾನಗಲ್ ಕಡೆಯ ಒಬ್ಬ ಗೃಹಸ್ಥರು ಬಗಲಲ್ಲಿ ಒಂದು ಕಟ್ಟು ಇಟ್ಟುಕೊಂಡು ಬಂದರು. ಸರಕಾರಿ ನೌಕರಿಯಿಂದ ನಿವೃತ್ತರು, ಒಳ್ಳೆಯ ಮನುಷ್ಯ. ಕಟ್ಟು ಬಿಚ್ಚಿದರೆ 212 ಪುಟಗಳ ಪುಸ್ತಕ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಇತಿಹಾಸ, ಐತಿಹ್ಯ, ಸಾಧು ಸಂತರು, ಕವಿಗಳು. ಅಚ್ಚುಕಟ್ಟಾದ ಅಕ್ಷರ, ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಅಲ್ಲೇ ನಮಗೆ ಸಂಶಯ ಬರಬೇಕಿತ್ತು.

'ಸರ, ಒಂದು ಮುನ್ನುಡಿ ಬರದು ಕೊಡ್ರಿ' ಅಂದರು.

'ಭಾಳ ವರ್ಷದ ಕೆಲಸ ಕಾಣತೈತಲ್ರೀ?' ಅಂದೆವು.

'ಇಲ್ರೀ, ಎರಡ ದಿನ. ಮಗ ಬೆಂಗಳೂರಾಗ ಅದಾನ. ಅವನ ಮೊಬೈಲಿನ್ಯಾಗ ಹಾಕ್ಕೊಟ್ಟ. ಕೇಳಿದ್ರ ಕೊಡತೈತ್ರೀ, ಪುಟಗಟ್ಲೆ ಕೊಡತೈತಿ.'

ಮುಚ್ಚುಮರೆ ಇಲ್ಲ, ನಾಚಿಕೆಯೂ ಇಲ್ಲ. ನಾಚಿಕೆ ಪಡುವಂಥದ್ದೇನಾದರೂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಓದಿ ಹೇಳುತ್ತೇವೆ ಎಂದು ಕಟ್ಟನ್ನು ಇಟ್ಟುಕೊಂಡೆವು.

ರಾತ್ರಿ ಓದಿದೆವು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಎರಡೂವರೆ ಪುಟ. ಅದರಲ್ಲಿ 'ಅದ್ಭುತ ವಾಸ್ತುಶಿಲ್ಪ' ಎಂಬುದು ನಾಲ್ಕು ಸಲ, 'ಕಣ್ಮನ ಸೆಳೆಯುವ' ಎಂಬುದು ಮೂರು ಸಲ. ಆದರೆ ಒಳಗೆ ನಿಂತು ಕತ್ತು ಎತ್ತಿ ನೋಡಿದರೆ ಎಂಟು ಮೂಲೆಯ ಛತ್ತಿನಿಂದ ಕೆಳಗೆ ಇಳಿದುಬಂದಂತಿರುವ ಆ ಕಲ್ಲಿನ ಕಮಲ? ಅದರ ಸುದ್ದಿಯೇ ಇಲ್ಲ. ಹಾನಗಲ್ಲಿಗೆ ಒಮ್ಮೆ ಹೋದ ಸಾಲಿ ಹುಡುಗನೂ ಮನೆಗೆ ಬಂದು ಮೊದಲು ಹೇಳುವುದು ಅದನ್ನೇ.

ಸವಣೂರಿನ ಅಧ್ಯಾಯ ಇನ್ನೂ ಮಜಾ. ಅಲ್ಲಿನ ಕಲ್ಮಠದ ದೊಡ್ಡಹುಣಸೆ ಮರಗಳ ವಿಚಾರ ಬರೆಯುತ್ತ, 'ಈ ಮರಗಳ ಹುಣಸೆಹಣ್ಣು ಸ್ಥಳೀಯ ಅಡುಗೆಗೆ ವಿಶಿಷ್ಟ ರುಚಿ ನೀಡುತ್ತದೆ' ಎಂದು ಷರಾ ಹೊಡೆದಿತ್ತು. ಆ ಮರ ಹೆಸರಿಗೆ ಹುಣಸೆ, ಜಾತಿಯಲ್ಲಿ ಅಲ್ಲ. ಅದು ಆಫ್ರಿಕಾ ಮೂಲದ ಬಾವೊಬಾಬ್. ಹತ್ತು ಜನ ಕೈ ಚಾಚಿ ನಿಂತರೂ ತಬ್ಬಲಿಕ್ಕೆ ಕಷ್ಟ, ಅಂಥ ಬೊಡ್ಡೆ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿ, ಅದನ್ನು ಮತ್ತೆ ಎತ್ತಿ ನೆಟ್ಟದ್ದನ್ನು ಊರಿಗೆ ಊರೇ ಕಂಡಿದೆ. ಯಂತ್ರಕ್ಕೆ ಹುಣಸೆ ಎಂದರೆ ಹುಣಸೆ. ಸಾರು ಮಾಡಿ ಬಡಿಸಿಬಿಟ್ಟಿತು.

ಇಷ್ಟರವರೆಗೆ ನಕ್ಕೆವು. ಹಿರೇಕೆರೂರಿನ ಅಧ್ಯಾಯಕ್ಕೆ ಬಂದಾಗ ನಗೆ ನಿಂತಿತು. ಅಲ್ಲಿ ಸರ್ವಜ್ಞನ ಹನ್ನೊಂದು ತ್ರಿಪದಿಗಳಿದ್ದವು. ಐದನ್ನು ನಾವು ಬಲ್ಲೆವು. ಉಳಿದ ಆರನ್ನು ಎಂದೂ ಕೇಳಿರಲಿಲ್ಲ. ಮನೆಯಲ್ಲಿದ್ದ ಮೂರು ಸಂಕಲನ ತೆಗೆದು ಹುಡುಕಿದೆವು, ಸಿಗಲಿಲ್ಲ. ಒಂದರಲ್ಲಿ ಸಮಯದ ಸದುಪಯೋಗದ ಉಪದೇಶವಿದೆ, ಇನ್ನೊಂದರಲ್ಲಿ ಸಮಾಜದ ಪ್ರಗತಿಯ ಮಾತು. ಹಿಟ್ಟು ಕಾಳು, ಸಾಲ ಸೂಲ, ಜಾತಿ ಜಗಳ ಎಂದು ಬೀದಿಯಲ್ಲಿ ನಿಂತು ಬಯ್ಯುತ್ತಿದ್ದ ಆ ಅಲೆಮಾರಿ, ಪಂಚವಾರ್ಷಿಕ ಯೋಜನೆಯ ಕರಪತ್ರದ ಭಾಷೆಯಲ್ಲಿ ಮಾತಾಡುತ್ತಿದ್ದಾನೆ. ಆದರೆ ಮಾತ್ರೆ ಬಹುಮಟ್ಟಿಗೆ ಸರಿಯಾಗಿ ಕೂತಿದೆ. ಕೊನೆಯಲ್ಲಿ 'ಸರ್ವಜ್ಞ' ಎಂಬ ಅಂಕಿತವೂ ಇದೆ.

ಮರುದಿನ ಫೋನ್ ಮಾಡಿ ಕೇಳಿದೆವು: 'ಈ ಆರು ವಚನ ಎಲ್ಲಿ ಸಿಕ್ಕವು?'

'ಅದs ಕೊಟ್ಟೈತ್ರಿ' ಅಂದರು.

ಈ ಲೇಖನ ಬರೆಯಲು ಕಾರಣವಾದದ್ದು ಆ 'ಅದs' ಎಂಬ ಒಂದು ಶಬ್ದ. 'ಅದs' ಎಂದರೆ ಯಾರು? ಅದರ ಊರು ಯಾವುದು? ತಪ್ಪಾದರೆ ಯಾರ ಮನೆಯ ಬಾಗಿಲು ಬಡಿಯಬೇಕು?

ಆ ಗೃಹಸ್ಥರನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ತಮ್ಮ ಸೀಮೆಯ ಹೆಸರು ಒಂದು ಪುಸ್ತಕದಲ್ಲಿ ಬರಲಿ ಎಂಬ ಆಸೆ ಅವರದು. ಅಂಥ ಆಸೆಯಿಂದಲೇ ನಮ್ಮ ಜಿಲ್ಲೆಯಲ್ಲಿ ಇಷ್ಟಾದರೂ ಪುಸ್ತಕಗಳು ಬಂದಿವೆ. ನಮ್ಮ ಭಯ ಬೇರೆ. ಆ 212 ಪುಟ ಅಚ್ಚಾಗುತ್ತದೆ. ಶಾಲು ಹೊದಿಸಿ ಬಿಡುಗಡೆಯಾಗುತ್ತದೆ. ಗ್ರಂಥಾಲಯಕ್ಕೆ ಸೇರುತ್ತದೆ. ಹಿರೇಕೆರೂರಿನ ಯಾವುದೋ ಹೈಸ್ಕೂಲಿನ ಹುಡುಗಿ ಭಾಷಣ ಸ್ಪರ್ಧೆಗೆ ಅದರಿಂದ ಒಂದು ವಚನ ಬಾಯಿಪಾಠ ಮಾಡುತ್ತಾಳೆ. ಮುಂದೊಂದು ದಿನ ಯಂತ್ರ ಅದೇ ಪುಸ್ತಕವನ್ನು ಓದಿ, 'ಇಗೋ, ಅಚ್ಚಾದ ಆಧಾರವಿದೆ' ಎಂದು ಇನ್ನೊಬ್ಬರಿಗೆ ಹೇಳುತ್ತದೆ. ತಾನು ಹೆತ್ತ ಸುಳ್ಳಿಗೆ ತಾನೇ ಸಾಕ್ಷಿ.

ಸರ್ವಜ್ಞನ ವಿಷಯದಲ್ಲಿ ಇದು ಸಣ್ಣ ಅಪಚಾರವಲ್ಲ. ಅವನ ಊರು ಅಬಲೂರೋ ಮಾಸೂರೋ ಎಂಬ ವಾದ ಇನ್ನೂ ಮುಗಿದಿಲ್ಲ. ಅವನ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅವನು ಬರೆದಿಟ್ಟ ಓಲೆ ಎಂಬುದು ಯಾರ ಮನೆಯಲ್ಲೂ ಇಲ್ಲ. ಇಂಥ ಮನುಷ್ಯನ ಮಾತುಗಳನ್ನು ಒಂದು ಕಡೆ ತಂದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿ. ಊರೂರು ತಿರುಗಿ, ಕೈಬರಹದ ಪ್ರತಿಗಳನ್ನೂ ಜನರ ಬಾಯಿಮಾತನ್ನೂ ವರ್ಷಗಟ್ಟಲೆ ಕೂಡಿಹಾಕಿ, 1924ರಲ್ಲಿ ಸುಮಾರು ಎರಡು ಸಾವಿರ ವಚನಗಳನ್ನು ಅಚ್ಚು ಹಾಕಿಸಿದರು. ಅದರಲ್ಲಿ ಎಷ್ಟು ಸರ್ವಜ್ಞನದು, ಎಷ್ಟು ಪರರದು ಎಂದು ಮುಂದೆ ವಿದ್ವಾಂಸರು ಬಡಿದಾಡಿದರು. ಬಡಿದಾಡಲಿಕ್ಕೆ ಬಂದದ್ದಾದರೂ ಯಾಕೆ? ಸಂಗ್ರಹಿಸಿದವರ ಹೆಸರು ಗೊತ್ತಿತ್ತು. ಅವರು 1962ರವರೆಗೆ ಬದುಕಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಪೈಕಿ ಮನುಷ್ಯ. ಕ್ರಿಸ್ತನ ಪಾದ್ರಿಯೊಬ್ಬ ಶಿವನ ಹೆಸರೆತ್ತುವ ಅಲೆಮಾರಿಯ ಮಾತು ಹುಡುಕಿಕೊಂಡು ನಮ್ಮ ಹಳ್ಳಿಗಳ ಕಟ್ಟೆಗೆ ಬಂದು ಕೂತದ್ದನ್ನು ನೆನೆದರೆ ಇಂದಿಗೂ ಮೈ ಜುಮ್ ಎನ್ನುತ್ತದೆ. ಅವರನ್ನು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿ ಕನ್ನಡ ನಾಡು ಸ್ವಲ್ಪ ಋಣ ತೀರಿಸಿತು.

ಇಲ್ಲಿ ಒಬ್ಬ ಮಿತ್ರರು ಅಡ್ಡ ಬಾಯಿ ಹಾಕಿದರು. 'ಅಲ್ಲಾ, ಮೊದಲಾದ್ರೂ ಜನ ಸೇರಿಸಲಿಲ್ಲೇನು? ಸರ್ವಜ್ಞನ ಹೆಸರಿನಾಗ ಸಾವಿರ ಮಂದಿ ಹಾಡ್ಯಾರ. ಶಿಶುನಾಳ ಶರೀಫರ ಅಂಕಿತ ಹಚ್ಚಿ ಭಜನಿ ಮೇಳದವರು ಎಷ್ಟು ಪದ ಕಟ್ಟ್ಯಾರೋ! ಯಂತ್ರ ಕಟ್ಟಿದರಷ್ಟೇ ಪಾಪ ಏನು?'

ಮಾತಿನಲ್ಲಿ ಹುರುಳಿದೆ. ಶರೀಫರು (1819–1889) ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದವರು. ಅವರ ಪದಗಳು ಬಾಯಿಂದ ಬಾಯಿಗೆ ಬಂದವು, ದಾರಿಯಲ್ಲಿ ಸವೆದವು, ಬೆಳೆದವು. ಆದರೆ ಭಜನೆಯ ಮೇಳದಲ್ಲಿ ಪದ ಕಟ್ಟಿದವನ ಎದುರಿಗೆ ಹತ್ತು ಮಂದಿ ಕೂತಿರುತ್ತಾರೆ. ಪದದಲ್ಲಿ ಜೀವವಿಲ್ಲದಿದ್ದರೆ ಎರಡನೇ ಸಾಲಿಗೆ ತಾಳ ನಿಲ್ಲುತ್ತದೆ. ದಮ್ಮಡಿಯವನೇ 'ಬಿಡೋ ಮಾರಾಯ' ಎನ್ನುತ್ತಾನೆ. ನೂರು ವರ್ಷ ಹಾಡಿ ಉಳಿದದ್ದು ಅಷ್ಟು ಬಾಯಿಗಳ ಜರಡಿಯಲ್ಲಿ ಬಿದ್ದು ಉಳಿದದ್ದು. ಮೊಬೈಲಿನಿಂದ ನೇರವಾಗಿ ಡಿಟಿಪಿ ಅಂಗಡಿಗೆ, ಅಲ್ಲಿಂದ ಬೈಂಡಿಂಗಿಗೆ ಹೋಗುವ ತ್ರಿಪದಿ ಯಾರ ಬಾಯಿಗೂ ಬಂದಿಲ್ಲ. ಆ ಗೃಹಸ್ಥರೇ ಅದನ್ನು ಒಮ್ಮೆಯೂ ಗಟ್ಟಿಯಾಗಿ ಓದಿರಲಿಲ್ಲ, ಕೇಳಿ ತಿಳಿದುಕೊಂಡೆವು.

ಶರೀಫರ ಮಾತು ಬಂದಾಗ ಇನ್ನೊಂದು ಹೇಳಬೇಕು. ಯಂತ್ರ ಕಂಡರೆ ಹೆದರಿ ಓಡುವ ಜಾತಿಯವರಲ್ಲ ಅವರು. ಗಿರಣಿ ನೋಡಿ ಅದರ ಮೇಲೇ ತತ್ವಪದ ಕಟ್ಟಿದರು. ಅದರ ಚಕ್ರ, ಅದರ ಸದ್ದು, ಎಲ್ಲವನ್ನೂ ದೇಹದ ತತ್ವಕ್ಕೆ ತಿರುಗಿಸಿಕೊಂಡರು. ಆದ್ದರಿಂದ ಯಂತ್ರ ಬಂತೆಂದು ಗೋಳಾಡುವ ಪೈಕಿ ನಾವೂ ಅಲ್ಲ. ಮನುಷ್ಯ ಗಿರಣಿಯನ್ನು ನೋಡಿ ಪದ ಕಟ್ಟುವುದು ಒಂದು, ಗಿರಣಿ ಪದ ಕಟ್ಟಿ ಅದರ ಕೆಳಗೆ ಮನುಷ್ಯ ತನ್ನ ಹೆಸರು ಬರೆದುಕೊಳ್ಳುವುದು ಇನ್ನೊಂದು.

ಗಳಗನಾಥರನ್ನು ನೋಡಿರಿ. ವೆಂಕಟೇಶ ತಿರಕೋ ಕುಲಕರ್ಣಿ (1869–1942), ವರದಾ ತುಂಗಭದ್ರೆ ಕೂಡುವ ಗಳಗನಾಥದವರು, ನಮ್ಮದೇ ಜಿಲ್ಲೆ. ಅವರ ಎಷ್ಟೋ ಕಾದಂಬರಿಗಳು ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕೃತಿಗಳ ಆಧಾರದ ಮೇಲೆ ಹುಟ್ಟಿದವು. ಶುದ್ಧ ಸ್ವಂತ ಕಲ್ಪನೆ ಎಂದು ಎದೆ ತಟ್ಟಿಕೊಳ್ಳುವವರು ಅವರನ್ನು ಕವಿಯ ಸಾಲಿನಿಂದ ಹೊರಗೆ ಹಾಕಬೇಕಾದೀತು. ಆದರೆ ಅವರು ಮರಾಠಿಯನ್ನು ಓದಿ ನಮ್ಮ ಸೀಮೆಯ ಹೆಣ್ಣುಮಕ್ಕಳು ಮಧ್ಯಾಹ್ನ ಕೂತು ಓದುವ ಕನ್ನಡಕ್ಕೆ ತಂದರು. ತಾವೇ ಅಚ್ಚು ಹಾಕಿಸಿದರು. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ತಾವೇ ಮಾರಿದರು. 'ಪುಸ್ತಕ ಹೇಗಿತ್ತವ್ವಾ?' ಎಂದು ಕೇಳಿದರೆ 'ನಡುವೆ ಬೇಜಾರಾತು' ಎಂದು ಮುಖದ ಮೇಲೆ ಹೇಳುವ ಓದುಗರು ಅವರಿಗಿದ್ದರು. ಲೇಖಕ, ಪ್ರಕಾಶಕ, ಹಮಾಲ, ಮೂರೂ ಒಬ್ಬನೇ. ಪುಸ್ತಕದಲ್ಲಿ ತಪ್ಪಿದ್ದರೆ ಮುಂದಿನ ಊರಿನಲ್ಲೇ ಹಿಡಿದು ಕೇಳಬಹುದಿತ್ತು.

ಇನ್ನು ದುಡ್ಡಿನ ಮಾತು. ರೋಗದ ಬೇರು ಇರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಕನ್ನಡ ಪುಸ್ತಕವನ್ನು ಅಂಗಡಿಯಲ್ಲಿ ಕೊಳ್ಳುವವರು ಎಷ್ಟು ಮಂದಿ ಎಂಬುದು ಪ್ರಕಾಶಕರಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಬಹಳಷ್ಟು ಪುಸ್ತಕಗಳ ಆಸರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಉಪಕರವಿದೆ. ಅದರಿಂದ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ. ಉಪಕರ ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಸಕಾಲಕ್ಕೆ ಜಮಾ ಮಾಡುವುದಿಲ್ಲ, ಪ್ರಕಾಶಕರಿಗೆ ಹಣ ಬರುವುದು ವರ್ಷಗಟ್ಟಲೆ ತಡ, ಇದು ಹಳೇ ಗೋಳು, ಬಿಡಿ. ಗಮನಿಸಬೇಕಾದದ್ದು ಬೆಲೆ ಕಟ್ಟುವ ರೀತಿ. ಪುಟಕ್ಕೆ ಇಷ್ಟು ಪೈಸೆ! ನೂರು ಪುಟಕ್ಕೆ ಇಷ್ಟು, ಇನ್ನೂರು ಪುಟಕ್ಕೆ ಅದರ ದುಪ್ಪಟ್ಟು. ಜೋಳ ಅಳೆದಂತೆ.

ಮನುಷ್ಯ ಬರೆಯುತ್ತಿದ್ದಾಗ ಇದಕ್ಕೊಂದು ಮಿತಿ ಇತ್ತು. ಕೈ ನೋಯುತ್ತದೆ, ವಿಷಯ ಮುಗಿಯುತ್ತದೆ. ಈಗ? ಪುಟ ಹಿಗ್ಗಿಸುವುದರಲ್ಲಿ ಯಂತ್ರದಷ್ಟು ಹುಷಾರಿ ಬೇರೆ ಯಾರೂ ಇಲ್ಲ. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ವರ್ಷಗಟ್ಟಲೆ ಕೂತು 'ಭಾರತ ಸಿಂಧು ರಶ್ಮಿ' ಬರೆದರು. ಸುಮಾರು 35 ಸಾವಿರ ಸಾಲು. ಅಷ್ಟು ಸಾಲನ್ನು ಈ ಯಂತ್ರ ಊಟ ಮುಗಿಸಿ ಎಲೆ ಅಡಿಕೆ ಹಾಕುವಷ್ಟರಲ್ಲಿ ಕಕ್ಕಬಲ್ಲದು. ತೂಕದ ಲೆಕ್ಕದಲ್ಲಿ ಕೊಳ್ಳುವ ಇಲಾಖೆಗೆ ಎರಡೂ ಒಂದೇ. ಒಂದು ಹಳ್ಳಿಯ ಕೃಷಿಯ ಮಾತುಗಳನ್ನು ಐದು ವರ್ಷ ಕೂಡಿಸಿ ತೊಂಬತ್ತು ಪುಟದ ಪುಸ್ತಕ ತಂದ ಮೇಷ್ಟ್ರು ಒಂದು ಕಡೆ. ವಾರಕ್ಕೊಂದರಂತೆ ಇನ್ನೂರು ಪುಟ ಹೊಡೆಯುವ ಪ್ರಕಾಶನ ಇನ್ನೊಂದು ಕಡೆ. ಈ ಹರಾಜಿನಲ್ಲಿ ಮೇಷ್ಟ್ರು ಗೆಲ್ಲುವುದು ಹೇಗ್ರೀ?

ಇದು ಬರಿಯ ಊಹೆಯಲ್ಲ. ಅಮೆಜಾನ್ ಕಂಪನಿ ತನ್ನ ಸ್ವಪ್ರಕಾಶನ ವಿಭಾಗದಲ್ಲಿ 2023ರ ಸೆಪ್ಟೆಂಬರಿನಲ್ಲಿ ಒಂದು ಮಿತಿ ಹಾಕಿತು. ಒಬ್ಬ ಲೇಖಕ ದಿನಕ್ಕೆ ಹೊಸದಾಗಿ ಮೂರು ಪುಸ್ತಕಕ್ಕಿಂತ ಹೆಚ್ಚು ಹಾಕುವಂತಿಲ್ಲ! ತಿಂಗಳಿಗಲ್ಲ, ದಿನಕ್ಕೆ. ಯಂತ್ರದಿಂದ ಬರೆಸಿದ್ದಾದರೆ ಕಂಪನಿಗೆ ತಿಳಿಸಬೇಕೆಂದೂ ಆಗಲೇ ನಿಯಮ ಮಾಡಿತು. ವ್ಯಾಪಾರದ ಕಂಪನಿಗೆ ಬಂದ ಬುದ್ಧಿ ನಮ್ಮ ಇಲಾಖೆಗೆ ಬರಬಾರದೇ?

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಐದಾರು ವಾರ ಕಳೆದು 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆಗಳ ಸಾಲಿನಲ್ಲಿ ಧೂಳು ಕುಡಿಯುತ್ತ ತಿರುಗಿದ ನಮಗಂತೂ ಅದರ ಖಬರೇ ಇರಲಿಲ್ಲ. ಇವತ್ತು ಅದೇ ಸಮ್ಮೇಳನವಾದರೆ ಮಳಿಗೆಯಲ್ಲಿ ಯಾವುದು ಕೈಬರಹದ ಕೂಸು, ಯಾವುದು ಯಂತ್ರದ್ದು ಎಂದು ಕೇಳಬೇಕಾದೀತು.

ಹಕ್ಕಿನ ಪ್ರಶ್ನೆಯೂ ಇದೆ. ಯಂತ್ರಕ್ಕೆ ಮಾತು ಕಲಿಸಿದ್ದು ಮನುಷ್ಯರ ಪುಸ್ತಕಗಳಿಂದಲೇ. ಕಳ್ಳಪ್ರತಿಗಳ ಭಂಡಾರದಿಂದ ಪುಸ್ತಕ ಇಳಿಸಿಕೊಂಡ ಮೊಕದ್ದಮೆಯಲ್ಲಿ ಆಂಥ್ರೋಪಿಕ್ ಎಂಬ ಅಮೆರಿಕದ ಕಂಪನಿ 2025ರಲ್ಲಿ ಲೇಖಕರೊಂದಿಗೆ 150 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಕೇಳಲು ಭಾರಿ ಸೊಗಸು. ಆದರೆ ಅದು ಅಮೆರಿಕದಲ್ಲಿ ಹಕ್ಕು ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ಹಿರೇಕೆರೂರಿನ ಕವಿಗೆ ಅದರಲ್ಲಿ ಪಾಲು ಎಲ್ಲಿಯದು? ನಮ್ಮ ದೇಶದಲ್ಲಿ ಎಎನ್‌ಐ ಸುದ್ದಿ ಸಂಸ್ಥೆ ಓಪನ್‌ಎಐ ಮೇಲೆ 2024ರ ನವೆಂಬರಿನಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಪ್ರಕಾಶಕರ ಒಕ್ಕೂಟವೂ ಅದರಲ್ಲಿ ಕೈ ಜೋಡಿಸಿತು. ಕೋರ್ಟಿನ ಕೆಲಸ ಕೋರ್ಟಿಗೆ.

ನಮ್ಮ ಗೃಹಸ್ಥರಿಗೆ ಸಂಬಂಧಪಟ್ಟ ಕಾನೂನು ಬೇರೊಂದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎಂದು ಹೇಳುತ್ತದೆ. ಅದು ಇಂದಿನ ಯಂತ್ರಗಳಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂದು ವಕೀಲರು ಜಗಳಾಡಲಿ. ಹಕ್ಕು ತನ್ನದೆಂದು ಹೇಳಿಕೊಳ್ಳುವವನು ಆ ಆರು ತ್ರಿಪದಿಗಳ ಜವಾಬುದಾರಿಯನ್ನೂ ಹೊರಬೇಕಲ್ಲವೇ? ಹುಣಸೆಹಣ್ಣಿನ ಸಾರಿನ ಜವಾಬುದಾರಿಯನ್ನೂ?

ಹಾಗಂತ ಮೊಬೈಲನ್ನು ಬಾವಿಗೆ ಹಾಕಿ ಎಂದು ಹೇಳುವವರು ನಾವಲ್ಲ. ಟೈಪು ಬಾರದ ಅಜ್ಜ ಬಾಯಿಂದ ಹೇಳಿದ್ದನ್ನು ಅಕ್ಷರಕ್ಕಿಳಿಸಲು, ಮಾಸಿದ ಹಳೆಯ ಪುಸ್ತಕವನ್ನು ಮತ್ತೆ ಓದುವಂತೆ ಮಾಡಲು, ಕರಡು ತಿದ್ದಲು ಯಂತ್ರ ಬರಲಿ, ಸ್ವಾಗತ. ಕರಡು ತಿದ್ದುವವರು ಸಿಗದೆ ನಮ್ಮ ಪತ್ರಿಕೆಯಲ್ಲೇ ಆಗುವ ಅನಾಹುತ ಓದುಗರಿಗೆ ತಿಳಿಯದ್ದಲ್ಲ. ಆದರೆ ಯಾವ ಶಬ್ದ ಬಿಡಬೇಕು, ಯಾವುದು ಇರಬೇಕು ಎಂದು ತೀರ್ಮಾನಿಸುವವನು ಮನುಷ್ಯನೇ ಆಗಿರಲಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದ ಮಾಡಿದ ದೀಪಾ ಭಾಸ್ತಿಯವರು ನಮ್ಮ ಶಬ್ದಗಳನ್ನು ಇಂಗ್ಲಿಷಿನ ನಡುವೆ ಹಾಗೇ ಬಿಟ್ಟರು, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ಓದುಗ ಬೇಕಾದರೆ ಎರಡು ಹೆಜ್ಜೆ ಹತ್ತಿರ ಬರಲಿ ಎಂಬ ಹಟ ಅದು. ಎಲ್ಲರನ್ನೂ ಮೆಚ್ಚಿಸಲು ನುಣ್ಣಗೆ ಮಾಡುವ ಯಂತ್ರಕ್ಕೆ ಆ ಹಟ ಎಲ್ಲಿಂದ ಬರಬೇಕು?

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಬೇಡಿಕೆ ಇಷ್ಟು. ಸಗಟು ಖರೀದಿಗೆ ಬರುವ ಪ್ರತಿ ಪುಸ್ತಕದ ಜೊತೆ, ಯಂತ್ರದ ನೆರವು ಎಷ್ಟು ಪಡೆದಿದೆ ಎಂದು ಲೇಖಕ ಮತ್ತು ಪ್ರಕಾಶಕ ಇಬ್ಬರೂ ಸಹಿ ಮಾಡಿದ ಮುಚ್ಚಳಿಕೆ ಬೇಕು. ಸುಳ್ಳೆಂದು ತಿಳಿದರೆ ಹಣ ವಾಪಸು. ಪುಟದ ಲೆಕ್ಕವನ್ನೇ ಕೈಬಿಟ್ಟು ಬೇರೆ ಅಳತೆ ಹುಡುಕಬೇಕು. ಊರಿನ ಚರಿತ್ರೆ, ಸಂತರ ಪದ, ಗಾದೆ, ಐತಿಹ್ಯ ಇಂಥ ಪುಸ್ತಕವಾದರೆ ಆಯ್ಕೆಗೆ ಮುಂಚೆ ಆ ತಾಲೂಕಿನ ಒಬ್ಬರಾದರೂ ಓದಿ ಅಭಿಪ್ರಾಯ ಕೊಡಲಿ. ಬೆಂಗಳೂರಿನಲ್ಲಿ ಕೂತ ಪಂಡಿತರಿಗೆ ದೊಡ್ಡಹುಣಸೆ ಹುಣಸೆಯಲ್ಲ ಎಂಬುದು ತಿಳಿಯುವ ಬಗೆ ಯಾವುದು? ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಇಂಥ ಪುಸ್ತಕಗಳ ಪರಿಶೀಲನೆಗೆ ಅಲ್ಲಿನ ವಿದ್ವಾಂಸರಿಗಿಂತ ತಕ್ಕವರು ಯಾರು? 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿವೆ. ಹಳ್ಳಿಯ ಹುಡುಗರು ಓದುವ ಕೋಣೆ ಅದು. ಅಲ್ಲಿ ಯಾವ ಪುಸ್ತಕ ಇರಬೇಕೆಂದು ಪಂಚಾಯಿತಿಯವರೂ ಒಂದು ಮಾತು ಆಡಲಿ. ಗಟಾರದ ಟೆಂಡರಿಗೆ ಕೊಡುವ ಗಮನದ ಕಾಲುಭಾಗ ಸಾಕು.

ಗೃಹಸ್ಥರಿಗೆ ಮುನ್ನುಡಿ ಬರೆದುಕೊಡಲಿಲ್ಲ. ಕಟ್ಟು ವಾಪಸು ಕೊಡುತ್ತ, ದೊಡ್ಡಹುಣಸೆಯ ಹಾಳೆ ತೆರೆದು ತೋರಿಸಿದೆವು. ಅವರು ಓದಿದರು, ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, 'ನಮ್ಮವ್ವನ ತವರ ಸವಣೂರು. ಆ ಗಿಡದ ಬುಡಕ್ಕ ಆಡೇನ್ರೀ ನಾನು' ಅಂದರು.

'ಮತ್ತ ಇದನ್ನ ಓದಲಿಲ್ಲೇನು?'

'ಚಂದ ಕಾಣ್ತಿತ್ತು. ಓದೋದು ಬ್ಯಾಡ ಅನ್ನಿಸ್ತು.'

ಮೊನ್ನೆ ಮತ್ತೆ ಬಂದಿದ್ದರು. ಈ ಸಲ ಕಟ್ಟು ಇರಲಿಲ್ಲ. ಸಾಲಿಯ ನೋಟುಬುಕ್ಕಿನ ಹನ್ನೊಂದು ಹಾಳೆ, ನೀಲಿ ಶಾಯಿ, ಅಲ್ಲಲ್ಲಿ ಹೊಡೆದು ಹಾಕಿದ ಸಾಲು, ಕಾಗುಣಿತದ ತಪ್ಪು ಬೇಕಾದಷ್ಟು. ಅವರ ಸೋದರಮಾವ ಸವಣೂರಿನ ತೋಟದಿಂದ ವೀಳ್ಯದೆಲೆಯ ಕಟ್ಟು ಹೊತ್ತು ನಸುಕಿನಲ್ಲಿ ಸಂತೆಗೆ ಹೋಗುತ್ತಿದ್ದದ್ದು, ಎಲೆ ಬಾಡದಂತೆ ದಾರಿಯ ಹಳ್ಳದಲ್ಲಿ ನೀರು ಚಿಮುಕಿಸುತ್ತಿದ್ದದ್ದು, ಒಂದು ಬರಗಾಲದ ವರ್ಷ ಬಳ್ಳಿ ಒಣಗಿದಾಗ ಮನೆಯಲ್ಲಿ ಯಾರೂ ಮಾತಾಡದೆ ಉಂಡದ್ದು. ಏಳನೆಯ ಹಾಳೆಯಲ್ಲಿ ಒಂದು ಶಬ್ದ ನಮಗೆ ತಿಳಿಯಲಿಲ್ಲ, ಎಲೆ ಎಣಿಸುವಾಗಿನ ಮಾತಂತೆ. ಕೇಳಿದೆವು. ಅವರಿಗೂ ಪಕ್ಕಾ ಗೊತ್ತಿರಲಿಲ್ಲ.

'ನಮ್ಮ ಮಾವನ ಮಗಳು ಇನ್ನೂ ಅದಾಳ್ರಿ. ಐತವಾರ ಹೋಗಿ ಕೇಳ್ಕೊಂಡು ಬರತೀನಿ' ಎಂದು ಹಾಳೆಗಳನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.